ವ್ಯಾನ್ ಕೊಂಡು ಒಂಟಿಯಾಗಿ ಬಡಗಿ ಕೆಲಸ: ದಿನಕ್ಕೆ ಎಷ್ಟು ಕೇಳಬೇಕು?

ವ್ಯಾನ್ ಕೊಂಡು ಸ್ವಂತ ಬಡಗಿ ಕೆಲಸ ಶುರು ಮಾಡಿದರೆ, ಈಗಿನ ದಿನದ ಸಂಬಳವನ್ನೇ ಗಿರಾಕಿಗೆ ಹೇಳಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ದಯವಿಟ್ಟು ಹಾಗೆ ಮಾಡಬೇಡಿ.

ಲೆಕ್ಕ ನೋಡಿ. ವರ್ಷದ 365 ದಿನಗಳಲ್ಲಿ ಶನಿವಾರ, ಭಾನುವಾರ 104 ಹೋಗುತ್ತವೆ. ರಜೆ, ಜ್ವರ, ಕೆಲಸವೇ ಇಲ್ಲದ ದಿನಗಳಿಗೆ ಒಂದು 31 ತೆಗೆಯಿರಿ. ಉಳಿದದ್ದು 230. ಇನ್ನು ಅಳತೆಗೆ ಹೋಗುವುದು, ಅಂದಾಜು ಪಟ್ಟಿ ಬರೆಯುವುದು, ಮರ ತರುವುದು, ವ್ಯಾನ್ ರಿಪೇರಿ, ಬಾಕಿ ವಸೂಲಿ. ಇವಕ್ಕೆ ವಾರಕ್ಕೊಂದು ದಿನ ಬೇಕೇ ಬೇಕು. ಕೊನೆಗೆ ಕೈಗೆ ದುಡ್ಡು ತರುವ ದಿನಗಳು 185ರ ಹತ್ತಿರ. ವರ್ಷದ ಮನೆ ಖರ್ಚು, ತೆರಿಗೆ, ವಿಮೆ, ಉಪಕರಣ, ವ್ಯಾನ್ ಎಲ್ಲ ಕೂಡಿಸಿ ಈ 185ರಿಂದ ಭಾಗಿಸಿ. ಅದು ನಿಮ್ಮ ಕನಿಷ್ಠ ದರ.

ವ್ಯಾನ್ ಅಂದರೆ ಬರೀ ಡೀಸೆಲ್ ಅಲ್ಲ. ಟೈರ್, ವಿಮೆ, ಸರ್ವಿಸ್, ಜೊತೆಗೆ ಮುಂದಿನ ವ್ಯಾನಿಗೆ ಈಗಿನಿಂದಲೇ ಎತ್ತಿಡುವ ಹಣ. ಇದನ್ನು ನಾನು ಮೊದಲ ಮೂರು ವರ್ಷ ಬಿಟ್ಟಿದ್ದೆ. ಗೇರ್‌ಬಾಕ್ಸ್ ಹೋದಾಗ ಸಾಲವೇ ಗತಿಯಾಯಿತು. ಓಡಾಟದ ಹೊತ್ತೂ ಕೆಲಸವೇ, ಅಲ್ವಾ? ದಿನಕ್ಕೆ ಎರಡು ಗಂಟೆ ಓಡಿಸಿದರೆ ವಾರಕ್ಕೆ ಹತ್ತು ಗಂಟೆ ಸುಮ್ನೆ ಹೋಯಿತು. ಹತ್ತಿರದ ಕೆಲಸಕ್ಕೆ ಸ್ವಲ್ಪ ಕಡಿಮೆ ಸಿಕ್ಕರೂ ನಾನು ಅದನ್ನೇ ಹಿಡಿಯುತ್ತೇನೆ.

ದಿನದ ಲೆಕ್ಕ ಬಿಟ್ಟು ಇಡೀ ಕೆಲಸವನ್ನು ಒಂದೇ ಮೊತ್ತಕ್ಕೆ ಗುತ್ತಿಗೆಯಾಗಿ ಒಪ್ಪಿಕೊಳ್ಳುವಾಗ ಹಳೇ ಮನೆಗಳ ಬಗ್ಗೆ ಹುಷಾರು. ಗೋಡೆ ನೇರ ಇರುವುದಿಲ್ಲ, ಚೌಕಟ್ಟು ಮೂಲೆಮಟ್ಟಕ್ಕೆ ಬರುವುದಿಲ್ಲ. ಒಂದು ಬಾಗಿಲೇ ಅರ್ಧ ದಿನ ತಿನ್ನುತ್ತದೆ. ಸಾಮಾನಿನ ದುಡ್ಡನ್ನು ಮುಂಗಡವಾಗಿಯೇ ಕೇಳಿ.

ವ್ಯಾನ್ ನೋಡಲು ಹೋಗುವಾಗ ಟೇಪ್ ಒಯ್ಯಿರಿ. ಪ್ಲೈವುಡ್ ಹಾಳೆ 2440 × 1220 ಮಿ.ಮೀ. ಹಿಂದಿನ ಚಕ್ರದ ಉಬ್ಬುಗಳ ನಡುವೆ ಅದು ಚಪ್ಪಟೆಯಾಗಿ ಕೂರಬೇಕು.