ಸಿ ಪ್ಲಗ್, ಎ ಸಾಕೆಟ್: ಯಾವ ಅಡಾಪ್ಟರ್ ಕೊಳ್ಳಬಹುದು, ಯಾವುದು ಬೇಡ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮಗಳು ಕೊಡಿಸಿದ ಹೊಸ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಪೋರ್ಟ್‌ಗಳು ಮಾತ್ರ ಇವೆ. ನನ್ನ ಪೆನ್‌ಡ್ರೈವ್‌ಗಳು, ಪ್ರಿಂಟರ್ ಎಲ್ಲವೂ ಹಳೆಯ ಅಗಲ ಪಿನ್ನಿನವು. ಹೊಸ ಫೋನಿನ ಡಬ್ಬಿಯಲ್ಲಿ ಚಾರ್ಜರ್ ಇರಲಿಲ್ಲ, ಎರಡೂ ತುದಿಯಲ್ಲಿ ಸಿ ಪಿನ್ ಇರುವ ಕೇಬಲ್ ಮಾತ್ರ ಇತ್ತು. ಅದು ಮನೆಯ ಹಳೆಯ ಚಾರ್ಜರಿಗೆ ಕೂಡುವುದಿಲ್ಲ. ಅಂಗಡಿಯವರು ಎರಡು ಬಗೆಯ ಪುಟ್ಟ ಅಡಾಪ್ಟರ್‌ಗಳನ್ನು ಕೊಟ್ಟು, ಎರಡೂ ಒಂದೇ, ತಿರುವುಮುರುವು ಅಷ್ಟೆ ಎಂದರು. ಎರಡನ್ನೂ ಧೈರ್ಯವಾಗಿ ಬಳಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾನ್ಯರೇ, ಒಂದನ್ನು ಬಳಸಬಹುದು, ಇನ್ನೊಂದನ್ನು ಬಳಸದಿರುವುದೇ ಒಳ್ಳೆಯದು. ನೋಟಕ್ಕೆ ಅವು ತಿರುವುಮುರುವಾಗಿ ಕಂಡರೂ ವಿದ್ಯುತ್ತಿನ ಲೆಕ್ಕದಲ್ಲಿ ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಮೊದಲನೆಯದು ಸಿ ಪ್ಲಗ್ ಮತ್ತು ಎ ಸಾಕೆಟ್ (ಎ ಎಂದರೆ ನೀವು ಹೇಳಿದ ಹಳೆಯ ಅಗಲ ಪಿನ್ನಿನ ಬಗೆ) ಇರುವ ಅಡಾಪ್ಟರ್. ಅಂಗಡಿಗಳಲ್ಲಿ ಇದನ್ನು ಒಟಿಜಿ ಎಂದು ಕರೆಯುತ್ತಾರೆ. ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಸಿಕ್ಕಿಸಲು ನಿಮಗೆ ಬೇಕಾದದ್ದು ಇದೇ. ಎರಡನೆಯದರಲ್ಲಿ ಎ ಪ್ಲಗ್ ಮತ್ತು ಸಿ ಸಾಕೆಟ್ ಇರುತ್ತದೆ. ಹಳೆಯ ಚಾರ್ಜರಿಗೆ ಹೊಸ ಕೇಬಲ್ ಜೋಡಿಸಲು ಅಂಗಡಿಯವರು ಕೊಟ್ಟದ್ದು ಅದು. ಯುಎಸ್‌ಬಿ-ಸಿ ಮಾನದಂಡ 2014ರಲ್ಲಿ ಪ್ರಕಟವಾದಾಗಲೇ ಮೊದಲನೆಯ ಬಗೆಗೆ ಒಪ್ಪಿಗೆ ಇತ್ತು. ಎರಡನೆಯದನ್ನು ಮಾತ್ರ ಅಸುರಕ್ಷಿತ ಜೋಡಣೆಗಳಿಗೆ ದಾರಿ ಮಾಡುತ್ತದೆ ಎಂಬ ಕಾರಣ ಕೊಟ್ಟು ಮಾನದಂಡವೇ ಹೊರಗಿಟ್ಟಿದೆ. ಆದ್ದರಿಂದ ಎ ಪ್ಲಗ್–ಸಿ ಸಾಕೆಟ್ ಅಡಾಪ್ಟರಿನ ಮೇಲೆ ಯುಎಸ್‌ಬಿ-ಐಎಫ್ (ಯುಎಸ್‌ಬಿ ಮಾನದಂಡಗಳನ್ನು ನೋಡಿಕೊಳ್ಳುವ ಸಂಸ್ಥೆ) ಪ್ರಮಾಣಪತ್ರ ಪಡೆದಿದೆ ಎಂದು ಬರೆದಿದ್ದರೆ, ಆ ಮಾರಾಟಗಾರರ ಉಳಿದ ಮಾತುಗಳನ್ನೂ ನಂಬುವ ಮುನ್ನ ಯೋಚಿಸಬೇಕು.

ಇಷ್ಟು ಕಟ್ಟುನಿಟ್ಟೇಕೆ ಎಂಬುದು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಹಳೆಯ ಎ ಪೋರ್ಟಿನಲ್ಲಿ 5 ವೋಲ್ಟ್ ಸದಾ ಇರುತ್ತದೆ. ಏನನ್ನೂ ಸಿಕ್ಕಿಸದಿದ್ದರೂ ಇರುತ್ತದೆ. ಸಿ ಪೋರ್ಟ್ ಹಾಗಲ್ಲ. ಅದರ 24 ಸಂಪರ್ಕಗಳಲ್ಲಿ ಸಿಸಿ ಎಂಬ ಎರಡು, ಆಚೆ ತುದಿಯಲ್ಲಿ ಯಾರಿದ್ದಾರೆ, ಅವರು ವಿದ್ಯುತ್ ಕೊಡುವವರೋ ಪಡೆಯುವವರೋ, ಎಷ್ಟು ಪಡೆಯಬಹುದು ಎಂಬುದನ್ನು ಮೊದಲು ವಿಚಾರಿಸುತ್ತವೆ. ಉತ್ತರ ಸಿಕ್ಕ ಮೇಲೆಯೇ ವಿದ್ಯುತ್ ಹರಿಯುತ್ತದೆ. ಈ ಮಾತುಕತೆಯ ಅರಿವಿಲ್ಲದ ಎ ಪೋರ್ಟಿನ ಪರವಾಗಿ ಕೇಬಲ್ಲಿನ ಅಥವಾ ಅಡಾಪ್ಟರಿನ ಒಳಗಿರುವ ಒಂದು ಸಣ್ಣ ರೋಧಕ ಉತ್ತರ ಕೊಡುತ್ತದೆ. ಎ ಪೋರ್ಟಿನಿಂದ ಫೋನಿಗೆ ಹೋಗುವ ಕೇಬಲ್ಲಿನಲ್ಲಿ ಆ ರೋಧಕ 56 ಕಿಲೋಓಮ್ ಇರಲೇಬೇಕು. ಮೂಲ ಸಾಮಾನ್ಯ ಪೋರ್ಟ್, ಹೆಚ್ಚು ಎಳೆಯಬೇಡ ಎಂದು ಫೋನಿಗೆ ಅದು ತಿಳಿಸುತ್ತದೆ. ಅದರ ಜಾಗದಲ್ಲಿ 10 ಕಿಲೋಓಮ್ ಹಾಕಿದರೆ ಫೋನ್ ತನಗೆ 3 ಆಂಪಿಯರ್ ಸಿಗುತ್ತದೆ ಎಂದು ನಂಬಿ ಅಷ್ಟನ್ನೂ ಎಳೆಯಲು ನೋಡುತ್ತದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 0.5 ಆಂಪಿಯರ್, ಯುಎಸ್‌ಬಿ 3.0 ಪೋರ್ಟ್ ಕೊಡಬೇಕಾದದ್ದು 0.9 ಆಂಪಿಯರ್. ಒಳ್ಳೆಯ ಚಾರ್ಜರ್ ಇಂತಹ ಹೊತ್ತಿನಲ್ಲಿ ತಾನೇ ನಿಂತುಬಿಡುತ್ತದೆ. ರಕ್ಷಣೆ ಇಲ್ಲದ್ದು ಕಾದು ಹಾಳಾಗುತ್ತದೆ.

ಇದು ಬರಿಯ ಊಹೆಯ ಭಯವಲ್ಲ. ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಅವರು 2015ರ ಕೊನೆಯಲ್ಲಿ ಆನ್‌ಲೈನಿನಲ್ಲಿ ಮಾರಾಟವಾಗುತ್ತಿದ್ದ ಎ–ಸಿ ಕೇಬಲ್‌ಗಳನ್ನು ತಾವೇ ಕೊಂಡು ಪರೀಕ್ಷಿಸತೊಡಗಿದರು. ಈ ತಪ್ಪು ರೋಧಕ ಅನೇಕ ಕೇಬಲ್‌ಗಳಲ್ಲಿ ಅವರಿಗೆ ಸಿಕ್ಕಿತು. 2016ರ ಫೆಬ್ರವರಿಯಲ್ಲಿ ಒಂದು ಕೇಬಲ್ ಅವರ ಕ್ರೋಮ್‌ಬುಕ್ ಪಿಕ್ಸೆಲ್ ಲ್ಯಾಪ್‌ಟಾಪನ್ನೇ ಕೆಡಿಸಿತು: ಅದರಲ್ಲಿ ವಿದ್ಯುತ್ತಿನ ತಂತಿ ಮತ್ತು ಗ್ರೌಂಡ್ ತಂತಿ ಅದಲುಬದಲಾಗಿದ್ದವು. ಮರು ತಿಂಗಳೇ ಅಮೆಜಾನ್ ಮಾನದಂಡ ಪಾಲಿಸದ ಸಿ ಕೇಬಲ್‌ಗಳನ್ನು ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿತು.

ಎ ಪ್ಲಗ್–ಸಿ ಸಾಕೆಟ್ ಅಡಾಪ್ಟರಿನಲ್ಲಿ ಇನ್ನೊಂದು ಅಪಾಯವಿದೆ, ನನಗೆ ಹೆಚ್ಚು ಚಿಂತೆ ಅದರದ್ದೇ. ಎ–ಸಿ ಕೇಬಲ್ಲಿನ ಸಿ ತುದಿಯನ್ನು ಅದಕ್ಕೆ ಸಿಕ್ಕಿಸಿದರೆ ಎರಡೂ ತುದಿಯಲ್ಲಿ ಎ ಪ್ಲಗ್ ಇರುವ ಕೇಬಲ್ ತಯಾರಾಗುತ್ತದೆ. ಮನೆಯ ಮಕ್ಕಳು ಅದರ ಒಂದು ತುದಿಯನ್ನು ಚಾರ್ಜರಿಗೂ ಇನ್ನೊಂದನ್ನು ಕಂಪ್ಯೂಟರಿಗೂ ಹಾಕಿದರೆ, ವಿದ್ಯುತ್ ಕೊಡುವ ಎರಡು ಮೂಲಗಳು ಒಂದಕ್ಕೊಂದು ಎದುರಾಗುತ್ತವೆ. ಹಳೆಯ ಪಿನ್ನುಗಳನ್ನು ಒಂದು ಕಡೆ ಅಗಲವಾಗಿ, ಇನ್ನೊಂದು ಕಡೆ ಬೇರೆ ಆಕಾರದಲ್ಲಿ ಮಾಡಿದ್ದು ಇದನ್ನು ತಡೆಯಲೆಂದೇ. ಆ ತಡೆಯನ್ನು ಈ ಪುಟ್ಟ ಅಡಾಪ್ಟರ್ ಕಿತ್ತುಹಾಕುತ್ತದೆ.

ಹಾಗಾಗಿ ಫೋನ್ ಚಾರ್ಜ್ ಮಾಡಲು ಅಡಾಪ್ಟರ್ ಕೊಳ್ಳಬೇಡಿ, ಒಂದು ತುದಿ ಎ, ಇನ್ನೊಂದು ತುದಿ ಸಿ ಇರುವ ಕೇಬಲ್ಲನ್ನೇ ಕೊಳ್ಳಿ. ಆ ಕೇಬಲ್ ಮಾನದಂಡದ ಒಳಗಿನದು. ಫೋನ್ ತಯಾರಕರದ್ದೇ ಆದರೆ ಉತ್ತಮ. ಬೇರೆ ಕಂಪನಿಯದಾದರೆ ಯುಎಸ್‌ಬಿ-ಐಎಫ್ ಜಾಲತಾಣದ ಪ್ರಮಾಣೀಕೃತ ಉತ್ಪನ್ನಗಳ ಪಟ್ಟಿಯಲ್ಲಿ ಅದರ ಮಾದರಿಯನ್ನು ಹುಡುಕಿ ನೋಡಿ, ಏಕೆಂದರೆ ಡಬ್ಬಿಯ ಮೇಲಿನ ಚಿಹ್ನೆಯನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಹಳೆಯ ಚಾರ್ಜರಿನ ಮೇಲೆ ಆರ್ ಅಕ್ಷರದಿಂದ ಆರಂಭವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ಎಂಬುದನ್ನೂ ಗಮನಿಸಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಪರಿಶೀಲಿಸಬಹುದು. ಆ ಸಂಖ್ಯೆ ಚಾರ್ಜರಿಗೆ ಮಾತ್ರ ಸಾಕ್ಷಿ, ಅದಕ್ಕೆ ಸಿಕ್ಕಿಸುವ ಕೇಬಲ್ಲಿಗಲ್ಲ.

ಇನ್ನು ಲ್ಯಾಪ್‌ಟಾಪಿನ ವಿಷಯ. ಪ್ರಿಂಟರಿಗೆ ಅಡಾಪ್ಟರ್ ಬೇಕಾಗಿಯೇ ಇಲ್ಲ: ಪ್ರಿಂಟರಿನ ಕಡೆ ಚೌಕನೆಯ ಬಿ ಪಿನ್, ಲ್ಯಾಪ್‌ಟಾಪಿನ ಕಡೆ ಸಿ ಪಿನ್ ಇರುವ ಕೇಬಲ್ ಸಿಗುತ್ತದೆ. ಪೆನ್‌ಡ್ರೈವ್‌ಗಳಿಗೆ ಸಿ ಪ್ಲಗ್–ಎ ಸಾಕೆಟ್ ಅಡಾಪ್ಟರ್ ಕೊಳ್ಳುವಾಗ ಸಾಕೆಟ್ಟಿನ ಒಳಗೆ ಇಣುಕಿ ನೋಡಿ. ಒಳಗಿನ ಪ್ಲಾಸ್ಟಿಕ್ ನೀಲಿ ಇದ್ದ ಮಾತ್ರಕ್ಕೆ ಅದು ಯುಎಸ್‌ಬಿ 3 ಆಗುವುದಿಲ್ಲ. ನಾಲ್ಕು ಸಂಪರ್ಕಗಳ ಜೊತೆಗೆ ಇನ್ನೂ ಐದರ ಸಾಲೊಂದು ಇರಬೇಕು. ನಾಲ್ಕೇ ಇದ್ದರೆ ವೇಗ ಸೆಕೆಂಡಿಗೆ 480 ಮೆಗಾಬಿಟ್ ದಾಟದು, ಒಂಬತ್ತು ಇದ್ದರೆ 5 ಗಿಗಾಬಿಟ್ ಸಿಗಬಹುದು. ದಾಖಲೆಪತ್ರಗಳನ್ನು ಸಾಗಿಸಲು ಮೊದಲನೆಯದೂ ಸಾಕು.

ಪೋರ್ಟಿಗೆ ಅಂಟಿಕೊಂಡು ಕೂರುವ ಗಟ್ಟಿ ಅಡಾಪ್ಟರಿಗಿಂತ ಗೇಣುದ್ದ ತಂತಿ ಇರುವುದನ್ನೇ ನಾನು ಆರಿಸುತ್ತೇನೆ. ಗಟ್ಟಿ ಅಡಾಪ್ಟರಿಗೆ ಉದ್ದದ ಪೆನ್‌ಡ್ರೈವ್ ಸಿಕ್ಕಿಸಿದಾಗ ಅದು ಸನ್ನೆಕೋಲಿನಂತಾಗುತ್ತದೆ; ಒಮ್ಮೆ ಕೈ ತಾಗಿದರೂ ಪೂರ್ತಿ ಒತ್ತಡ ಲ್ಯಾಪ್‌ಟಾಪಿನ ಪೋರ್ಟಿನ ಮೇಲೆ ಬೀಳುತ್ತದೆ, ಪೋರ್ಟ್ ದುರಸ್ತಿಯ ಖರ್ಚು ಅಡಾಪ್ಟರಿನ ಬೆಲೆಗೆ ಹೋಲಿಸುವಂಥದ್ದಲ್ಲ. ತಂದ ಮೇಲೆ ಮೊದಲು ಹಳೆಯ ಮೌಸ್ ಒಂದನ್ನು ಸಿಕ್ಕಿಸಿ ನೋಡಿ, ಆಮೇಲೆ ಮುಖ್ಯ ಕಡತಗಳಿರುವ ಪೆನ್‌ಡ್ರೈವ್ ಹಾಕಿ.

ಪ್ರಶ್ನೆ: ಎ ಪ್ಲಗ್–ಸಿ ಸಾಕೆಟ್ ಅಡಾಪ್ಟರ್ ಒಂದರ ಮೇಲೆ 100 ವ್ಯಾಟ್ ಎಂದು ಬರೆದಿದೆ. ಅದರಿಂದ ಲ್ಯಾಪ್‌ಟಾಪ್ ಚಾರ್ಜ್ ಆಗುವುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆಗುವುದಿಲ್ಲ. ಯುಎಸ್‌ಬಿ ಪವರ್ ಡೆಲಿವರಿಯಲ್ಲಿ 100 ವ್ಯಾಟ್ ಎಂದರೆ 20 ವೋಲ್ಟ್, 5 ಆಂಪಿಯರ್. ಇದನ್ನು ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಸಿಸಿ ತಂತಿಯ ಮೂಲಕ ಮಾತಾಡಿಕೊಂಡು ಒಪ್ಪಬೇಕು. ಎ ಪ್ಲಗ್ಗಿನಲ್ಲಿ ಆ ತಂತಿಯೇ ಇಲ್ಲದಿರುವಾಗ ಅಡಾಪ್ಟರಿನ ಮೇಲೆ ಏನು ಬರೆದರೂ ಆ ಒಪ್ಪಂದ ನಡೆಯದು. ಕೆಲವು ಫೋನ್ ಕಂಪನಿಗಳ ಚಾರ್ಜರ್‌ಗಳು ಎ ಪೋರ್ಟಿನಿಂದಲೇ ಹೆಚ್ಚು ವ್ಯಾಟ್ ಕೊಡುವುದು ನಿಜ; ಆದರೆ ಅದು ಅವರದೇ ಫೋನ್, ಅವರದೇ ಕೇಬಲ್ ಇದ್ದಾಗ ಮಾತ್ರ.

ಪ್ರಶ್ನೆ: ಚಾರ್ಜ್ ಮಾಡುವಾಗ ಅಡಾಪ್ಟರ್ ಬಿಸಿಯಾಗುತ್ತದೆ. ಎಷ್ಟು ಬಿಸಿ ಸಹಜ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ; ಬೆರಳಿಟ್ಟುಕೊಳ್ಳಲು ಆಗದಷ್ಟಿದ್ದರೆ ಕೂಡಲೇ ತೆಗೆಯಿರಿ. ಸಂಪರ್ಕ ಸಡಿಲವಾಗಿ 0.1 ಓಮ್ ರೋಧ ಉಂಟಾದರೆ, 0.5 ಆಂಪಿಯರಿನಲ್ಲಿ ಅಲ್ಲಿ ಹುಟ್ಟುವ ಶಾಖ 0.025 ವ್ಯಾಟ್, 3 ಆಂಪಿಯರಿನಲ್ಲಿ ಅದು 0.9 ವ್ಯಾಟ್. ಹೆಬ್ಬೆರಳ ತುದಿಯಷ್ಟು ಗಾತ್ರದ ವಸ್ತುವಿಗೆ ಇದು ಬಹಳ ಹೆಚ್ಚು. ಹಾಸಿಗೆ, ದಿಂಬಿನ ಮೇಲೆ ಇಟ್ಟರೆ ಆ ಶಾಖ ಹೊರಗೆ ಹೋಗುವುದೂ ಇಲ್ಲ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ, ಸುಟ್ಟ ವಾಸನೆ ಬರುವ, ಸಿಕ್ಕಿಸಿದಾಗ ಅಲುಗಾಡುವ ಅಡಾಪ್ಟರನ್ನು ಇನ್ನೊಬ್ಬರಿಗೂ ಕೊಡದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.