ರಷ್ಯನ್ ಕಲಿಯಲು ರಷ್ಯಾಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬಿ.ಎ. ಮುಗಿಯುತ್ತಾ ಬಂತು. ರಷ್ಯಾಕ್ಕೆ ಹೋಗಿ ರಷ್ಯನ್ ಭಾಷೆ, ಸಾಹಿತ್ಯದಲ್ಲಿ ಎಂ.ಎ. ಮಾಡುವಾಸೆ. ಸದ್ಯಕ್ಕೆ ಅಕ್ಷರವೂ ಬಾರದು. ಸೇರಿಸಿಕೊಳ್ಳುತ್ತಾರೆಯೇ?

ಉತ್ತರ: ಸೇರಿಸಿಕೊಳ್ಳುತ್ತಾರೆ, ಆದರೆ ನೇರವಾಗಿ ಎಂ.ಎ. ತರಗತಿಗಲ್ಲ, ಮೊದಲು ಪೂರ್ವಸಿದ್ಧತಾ ವಿಭಾಗಕ್ಕೆ. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಪೊದ್‌ಫಾಕ್’. ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಅಲ್ಲಿ ಮುಖ್ಯವಾಗಿ ಭಾಷೆಯದೇ ಪಾಠ. ಗುರಿ, ವಿದೇಶಿಯರಿಗಾಗಿ ಇರುವ ರಷ್ಯನ್ ಭಾಷಾ ಪರೀಕ್ಷೆಯ ‘ಮೊದಲ ಹಂತ’, ಅಂದರೆ ಯುರೋಪಿನ ಭಾಷಾ ಮಟ್ಟಗಳ ಲೆಕ್ಕದಲ್ಲಿ ಬಿ1. ಅದಕ್ಕೆ ಸುಮಾರು 2300 ಪದ ಬೇಕು. ಪದ–ವ್ಯಾಕರಣ, ಓದು, ಆಲಿಸುವಿಕೆ, ಬರಹ, ಮಾತು ಎಂದು ಐದು ಭಾಗ. ಪ್ರತಿಯೊಂದರಲ್ಲೂ ಶೇ. 66 ಬರಬೇಕು, ಒಂದರಲ್ಲಿ ಮಾತ್ರ 60 ಬಂದರೂ ನಡೆಯುತ್ತದೆ. ಓದು ಮತ್ತು ಬರಹದ ಭಾಗಕ್ಕೆ ನಿಘಂಟು ಬಳಸಬಹುದು, ವ್ಯಾಕರಣಕ್ಕೆ ಇಲ್ಲ. ಈ ಹಂತ ಪದವಿ ತರಗತಿಗೆ ಸಾಕು. ನೀವು ಕೇಳಿರುವ ಸಾಹಿತ್ಯದ ಎಂ.ಎ.ಗೆ ಅದು ತೀರಾ ಕಡಿಮೆ. ಹೋಗುವ ಮುನ್ನವೇ ಎಲ್ಲಕ್ಕಿಂತ ಕೆಳಗಿನ ಎ1 ಹಂತದ 780 ಪದ ಕಲಿತಿದ್ದರೆ ಅಲ್ಲಿನ ವರ್ಷ ಬಿ1 ದಾಟಿ ಮುಂದೆ ಹೋಗಲು ಸಿಗುತ್ತದೆ.

ಎಲ್ಲಿ ಸೇರುವುದು? ಮಾಸ್ಕೋದ ಪುಷ್ಕಿನ್ ರಷ್ಯನ್ ಭಾಷಾ ಸಂಸ್ಥೆ 1966ರಲ್ಲಿ ಹುಟ್ಟಿದ್ದೇ ಪರಭಾಷಿಕರಿಗೆ ರಷ್ಯನ್ ಕಲಿಸುವ ಕೆಲಸಕ್ಕಾಗಿ. ಬೋಧನೆ ಅಲ್ಲಿ ಬಲು ಗಟ್ಟಿ. ಆದರೂ ಮಾತು ಬೇಗ ಬರಬೇಕೆಂದರೆ ಕಜಾನ್, ತೋಮ್ಸ್ಕ್‌ನಂಥ ಊರುಗಳೇ ಮೇಲು ಎನ್ನುವುದು ನಮ್ಮ ಅಭಿಪ್ರಾಯ. ಅಲ್ಲಿ ಅಂಗಡಿ, ಬಸ್ಸು, ಕಚೇರಿ ಎಲ್ಲ ಕಡೆಯೂ ರಷ್ಯನ್ನಲ್ಲೇ ಬಾಯಿ ಬಿಡಬೇಕಾಗುತ್ತದೆ. ಹಾಸ್ಟೆಲಿನಲ್ಲಿ ನಿಮ್ಮ ಭಾಷೆ ಬಾರದವರ ಜೊತೆ ಕೋಣೆ ಕೊಡಿ ಎಂದು ಮೊದಲ ದಿನವೇ ಕೇಳಿ.

ಪ್ರಶ್ನೆ: ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ರಷ್ಯನ್ ಶುರು ಮಾಡಿದ್ದೇನೆ. ಆರು ವಿಭಕ್ತಿ, ಎರಡೆರಡು ಕ್ರಿಯಾಪದ; ತಲೆಗೇ ಹತ್ತುತ್ತಿಲ್ಲ. ಉಚ್ಚಾರಣೆಯೂ ಸರಿಯಿಲ್ಲ ಎನ್ನುತ್ತಾರೆ.

ಉತ್ತರ: ಇಂಗ್ಲಿಷ್ ಮೂಲಕ ಹೋಗಿದ್ದೇ ಸುತ್ತುದಾರಿಯಾಯಿತು. ಕನ್ನಡದಿಂದ ನೇರ ಹೋಗಿ ನೋಡಿ. ‘ನನಗೆ ಇಪ್ಪತ್ತು ವರ್ಷ’ ಎನ್ನಲು ‘ಮ್ನ್ಯೆ ದ್ವಾತ್ಸತ್ ಲ್ಯೆತ್’: ಪದಕ್ಕೆ ಪದ ಅದೇ, ಚತುರ್ಥಿಯೂ ಅದೇ. ‘ನನಗೆ ಚಳಿ’ ಅಂದರೆ ‘ಮ್ನ್ಯೆ ಹೋಲದ್ನ’. ‘ಅವನು ವಿದ್ಯಾರ್ಥಿ’ ಎನ್ನುವಾಗ ನಾವು ಕ್ರಿಯಾಪದ ಹಾಕುವುದಿಲ್ಲ, ಅವರೂ ಹಾಕುವುದಿಲ್ಲ: ‘ಓನ್ ಸ್ತುದ್ಯೆಂತ್’. ‘ರೂಚ್ಕ’ ಅಂದರೆ ಪೆನ್ನು, ‘ರೂಚ್ಕಯ್’ ಅಂದರೆ ಪೆನ್ನಿನಿಂದ. ನಮ್ಮ ‘ಇಂದ’ದ ಹಾಗೆಯೇ ಪದದ ತುದಿಗೆ ಅಂಟಿಕೊಳ್ಳುತ್ತದೆ. ವಿಭಕ್ತಿ ಎಂದರೇನು ಎಂಬುದನ್ನು ಇಂಗ್ಲಿಷರು ಹೊಸದಾಗಿ ಅರ್ಥ ಮಾಡಿಕೊಳ್ಳಬೇಕು. ನಿಮಗೆ ಬೇಕಾಗಿರುವುದು ಪ್ರತ್ಯಯಗಳ ಪಟ್ಟಿ ಮಾತ್ರ.

ಕ್ರಿಯಾಪದದ ಜೋಡಿಯೂ ಅಷ್ಟೇ. ‘ಚಿತಾಲ್’ ಅಂದರೆ ಓದಿದ, ಓದುತ್ತಿದ್ದ. ‘ಪ್ರಚಿತಾಲ್’ ಅಂದರೆ ಓದಿ ಮುಗಿಸಿದ. ‘ಓದಿಬಿಟ್ಟ’ ಎನ್ನುವಲ್ಲಿನ ‘ಬಿಡು’ ಮಾಡುವ ಕೆಲಸವನ್ನು ಅಲ್ಲಿ ಹೆಚ್ಚಾಗಿ ಪದದ ಮುಂದಿನ ಉಪಸರ್ಗ ಮಾಡುತ್ತದೆ. ಒಂದೊಂದೇ ಕಲಿಯಬೇಡಿ, ಜೋಡಿಯಾಗಿಯೇ ಬರೆದುಕೊಳ್ಳಿ.

ಕನ್ನಡಿಗರು ನಿಜವಾಗಿ ಎಡವುವುದು ಲಿಂಗದಲ್ಲಿ. ನಮಗೆ ಜಡವಸ್ತುವೆಲ್ಲ ನಪುಂಸಕ. ಅವರಿಗೆ ಮನೆ (ದೋಮ್) ಗಂಡು, ಪುಸ್ತಕ (ಕ್ನೀಗ) ಹೆಣ್ಣು, ಕಿಟಕಿ (ಅಕ್ನೋ) ನಪುಂಸಕ. ಮೇಲಾಗಿ ನಮ್ಮ ‘ದೊಡ್ಡ’ ಎಲ್ಲಿದ್ದರೂ ‘ದೊಡ್ಡ’ವೇ. ಅಲ್ಲಿ ‘ಬಲ್‌ಶೋಯ್ ದೋಮ್’ ದೊಡ್ಡ ಮನೆ, ‘ವ್ ಬಲ್‌ಶೋಮ್ ದೋಮ್ಯೆ’ ದೊಡ್ಡ ಮನೆಯಲ್ಲಿ. ವಿಶೇಷಣವೂ ಜೊತೆಗೇ ಬದಲಾಯಿತು. ಅದಕ್ಕೇ ನಾಮಪದವನ್ನು ಒಂಟಿಯಾಗಿ ಕಲಿಯಬಾರದು, ಒಂದು ವಿಶೇಷಣ ಸೇರಿಸಿ ಕಲಿಯಬೇಕು. ಇನ್ನು ಎಣಿಕೆ: ‘ಅದೀನ್ ರೂಬ್ಲ್’, ‘ದ್ವಾ ರುಬ್ಲ್ಯಾ’, ‘ಪ್ಯಾತ್ ರುಬ್ಲ್ಯೇಯ್’. ಒಂದಕ್ಕೆ ಒಂದು ರೂಪ, ಎರಡರಿಂದ ನಾಲ್ಕಕ್ಕೆ ಇನ್ನೊಂದು, ಐದರಿಂದ ಇಪ್ಪತ್ತಕ್ಕೆ ಮತ್ತೊಂದು; ಇಪ್ಪತ್ತೊಂದಕ್ಕೆ ಮತ್ತೆ ‘ರೂಬ್ಲ್’. ಅಂಗಡಿಯ ಬೆಲೆಚೀಟಿಗಳನ್ನು ಗಟ್ಟಿಯಾಗಿ ಓದುವುದೇ ಇದಕ್ಕೆ ಒಳ್ಳೆಯ ಅಭ್ಯಾಸ.

ಉಚ್ಚಾರಣೆ ಕೆಡುವುದೂ ಇಂಗ್ಲಿಷಿನಿಂದಲೇ. ರಷ್ಯನ್ನಿನದು ಹಲ್ಲಿಗೆ ನಾಲಿಗೆ ತಾಗುವ ತ, ದ. ನೀವು ಇಂಗ್ಲಿಷ್ ಓದಿದಂತೆ ಟ, ಡ ಎನ್ನುತ್ತಿರಬೇಕು. ಅವರ ಎರಡು ಶಕಾರಗಳಲ್ಲಿ ಗಡಸಿನದು ನಮ್ಮ ‘ಷ’ಕ್ಕೆ ಹತ್ತಿರ, ಮೃದುವಿನದು ಎಳೆದು ಹೇಳಿದ ‘ಶ್ಶ’. ಒತ್ತು ಎಲ್ಲಿ ಬೀಳುತ್ತದೆ ಎಂಬುದೇ ಅರ್ಥ ಬದಲಿಸುತ್ತದೆ: ‘ಜಾಮಕ್’ ಕೋಟೆಯರಮನೆ, ‘ಜಮೋಕ್’ ಬೀಗ. ಬರೆಯುವಾಗ ಎರಡೂ ಒಂದೇ. ಸಾಮಾನ್ಯ ಪುಸ್ತಕದಲ್ಲಿ ಒತ್ತಿನ ಗುರುತು ಇರುವುದಿಲ್ಲ. ಹೊಸ ಪದ ಕಂಡಾಗೆಲ್ಲ ನಿಘಂಟು ನೋಡಿ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳಿ.

ಇನ್ನೊಂದು ಮಾತು. ಅಚ್ಚಿನ 33 ಅಕ್ಷರ ಬಂದರೆ ಸಾಲದು, ಕೂಡುಬರಹ ಬರಬೇಕು. ಶಿಕ್ಷಕರು ಹಲಗೆಯ ಮೇಲೆ ಬರೆಯುವುದು ಅದರಲ್ಲೇ. ಅದರಲ್ಲಿ ತಕಾರ ಇಂಗ್ಲಿಷಿನ ‘ಎಂ’ನಂತೆ, ದಕಾರ ‘ಜಿ’ಯಂತೆ ಕಾಣುತ್ತದೆ. ಅಲ್ಲಿನ ಮಕ್ಕಳ ಕಾಪಿಪುಸ್ತಕ ‘ಪ್ರೋಪಿಸಿ’ ತರಿಸಿಕೊಂಡು ದಿನಕ್ಕೆರಡು ಪುಟ ತಿದ್ದಿ.

ಪ್ರಶ್ನೆ: ಅಲ್ಲಿ ಇಳಿದ ಮೇಲೆ ಕಾಗದಪತ್ರದ ಕೆಲಸ ಏನೇನು? ದುಡ್ಡು ಹೇಗೆ ಒಯ್ಯಬೇಕು?

ಉತ್ತರ: ವಿಮಾನ ನಿಲ್ದಾಣದಲ್ಲಿ ವಲಸೆ ಚೀಟಿ ಕೊಡುತ್ತಾರೆ. ಅದರಲ್ಲಿ ಬಂದ ಉದ್ದೇಶ ‘ಉಚ್ಯೋಬ’ (ಓದು) ಎಂದಿದೆಯೇ ಎಂದು ಅಲ್ಲೇ ನಿಂತು ನೋಡಿ. ಪ್ರವಾಸ ಎಂದು ಬಿದ್ದರೆ ಮುಂದೆ ವೀಸಾ ವಿಸ್ತರಣೆಗೆ ತೊಡಕು. ಏಳು ಕೆಲಸದ ದಿನಗಳೊಳಗೆ ವಾಸದ ನೋಂದಣಿ ಆಗಬೇಕು. ಹಾಸ್ಟೆಲಿನವರೇ ಮಾಡಿಸುತ್ತಾರೆ, ಆದರೆ ಪಾಸ್‌ಪೋರ್ಟ್ ಮತ್ತು ಚೀಟಿಯನ್ನು ಮೊದಲ ದಿನವೇ ಕೊಡುವುದು ನಿಮ್ಮ ಕೆಲಸ. ಬೆರಳಚ್ಚು, ವೈದ್ಯಕೀಯ ತಪಾಸಣೆಯನ್ನು ಮೊದಲ ತಿಂಗಳಲ್ಲೇ ಮುಗಿಸಿ. ಮೊದಲ ವೀಸಾ ಸಾಮಾನ್ಯವಾಗಿ ಮೂರು ತಿಂಗಳಿನದು, ಒಂದೇ ಪ್ರವೇಶದ್ದು. ಅದರ ಅವಧಿ ಮುಗಿಯಲು ಒಂದೂವರೆ ತಿಂಗಳು ಇರುವಾಗಲೇ ವಿಸ್ತರಣೆಗೆ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಅರ್ಜಿ ಕೊಡಿ. ವಿಸ್ತರಣೆ ಆಗುವ ತನಕ ಊರಿಗೆ ಬರುವ ಟಿಕೆಟ್ ಕೊಳ್ಳಬೇಡಿ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ಪಾಸ್‌ಪೋರ್ಟ್, ಪದವಿಪತ್ರ ಎರಡರ ಅನುವಾದದಲ್ಲೂ ರಷ್ಯನ್ ಕಾಗುಣಿತ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ನಮ್ಮ ‘ಹ’ವನ್ನು ಒಬ್ಬ ಅನುವಾದಕ ‘ಖ’ದಂಥ ಅಕ್ಷರದಲ್ಲಿ, ಇನ್ನೊಬ್ಬ ‘ಗ’ದಲ್ಲಿ ಬರೆದರೆ ದಾಖಲೆಯ ಲೆಕ್ಕದಲ್ಲಿ ನೀವು ಇಬ್ಬರು. ವೀಸಾದಲ್ಲಿರುವ ರಷ್ಯನ್ ಕಾಗುಣಿತವನ್ನೇ ಎಲ್ಲರಿಗೂ ತೋರಿಸಿ.

2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕುಗಳು ಕೊಟ್ಟ ‘ವೀಸಾ’, ‘ಮಾಸ್ಟರ್‌ಕಾರ್ಡ್’ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಮೊದಲ ತಿಂಗಳುಗಳಿಗೆ ಡಾಲರ್ ನಗದು ಒಯ್ಯಿರಿ. ಹರಿದ, ಗೀಚಿದ ನೋಟು ಬೇಡ. ನೋಂದಣಿಯಾದ ಮೇಲೆ ಅಲ್ಲಿನ ಬ್ಯಾಂಕಿನಲ್ಲಿ ರಷ್ಯಾದ್ದೇ ಆದ ‘ಮೀರ್’ ಪಾವತಿ ಕಾರ್ಡ್ ಮಾಡಿಸಿಕೊಳ್ಳಿ.

ಪ್ರಶ್ನೆ: ತರಗತಿಯ ರೀತಿನೀತಿ ಹೇಗೆ? ಶಿಕ್ಷಕರನ್ನು ಏನೆಂದು ಕರೆಯಬೇಕು?

ಉತ್ತರ: ಒಂದು ಪಾಠ ಅಂದರೆ ‘ಪಾರ’, 90 ನಿಮಿಷ. ಅಂಕ ಐದರಿಂದ ಎರಡರವರೆಗೆ. ಎರಡು ಬಂದರೆ ಮತ್ತೆ ಪರೀಕ್ಷೆ. ಶಿಕ್ಷಕರಿಗೆ ಸರ್, ಮೇಡಂ ಇಲ್ಲ. ಹೆಸರು ಮತ್ತು ಪಿತೃನಾಮ ಸೇರಿಸಿ ಕರೆಯಬೇಕು. ತಂದೆ ಇವಾನ್ ಆದರೆ ಮಗನಿಗೆ ಇವಾನೊವಿಚ್, ಮಗಳಿಗೆ ಇವಾನೊವ್ನ. ಮೊದಲ ಪಾಠದಲ್ಲೇ ಕೇಳಿ ಬರೆದುಕೊಳ್ಳಿ. ಅವರಲ್ಲೂ ನೀನು, ನೀವು ಎರಡಿವೆ, ಶಿಕ್ಷಕರಿಗೆ ನೀವೇ. ಹೂವು ಕೊಡುವುದಾದರೆ ಮೂರೋ ಐದೋ ಕೊಡಿ. ಎರಡು, ನಾಲ್ಕು, ಆರು ಅಲ್ಲಿ ಸತ್ತವರಿಗೆ ಇಡುವ ಲೆಕ್ಕ.