ಆ ತಲೆ ಊದಿದ್ದು ಹೇಗೆ?

ಫ್ರೆಂಚ್ ಜಾದೂಗಾರ, ಚಿತ್ರ ನಿರ್ದೇಶಕ ಜಾರ್ಜ್ ಮೆಲಿಯೆಸ್ 1901ರಲ್ಲಿ ತೆಗೆದ ‘ದ ಮ್ಯಾನ್ ವಿತ್ ದ ರಬ್ಬರ್ ಹೆಡ್’ ಮೂಕಿಚಿತ್ರದಲ್ಲಿ, ವಿಜ್ಞಾನಿಯೊಬ್ಬ ತಿದಿಯಿಂದ ಗಾಳಿ ಹೊಡೆದಂತೆ ಮೇಜಿನ ಮೇಲಿನ ತಲೆ ಊದಿ ದೊಡ್ಡದಾಗುವುದು ಝೂಮ್ ಲೆನ್ಸಿನಿಂದಲಾ ಅಂತ ಕೇಳಿದ್ದೀರಿ. ಅಲ್ಲ. ಕ್ಯಾಮೆರಾ ಇದ್ದಲ್ಲಿಂದ ಅಲುಗಾಡಲೇ ಇಲ್ಲ, ಮುಂದೆ ಬಂದದ್ದು ಮೆಲಿಯೆಸ್!

ಮೊದಲು ಕೋಣೆ, ಮೇಜು, ತಿದಿ ಒತ್ತುವ ವಿಜ್ಞಾನಿ, ಇಷ್ಟನ್ನೇ ತೆಗೆದರು. ತಲೆ ಬರಬೇಕಾದ ಜಾಗ ಪೂರ್ತಿ ಕಪ್ಪು. ಕಪ್ಪಿದ್ದ ಕಡೆ ಫಿಲ್ಮಿಗೆ ಬೆಳಕು ತಾಗುವುದಿಲ್ಲ, ಅಷ್ಟು ಭಾಗ ಖಾಲಿಯಾಗೇ ಉಳಿಯುತ್ತದೆ. ಆಮೇಲೆ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಎರಡನೇ ಸಲ ಓಡಿಸಿದರು. ಈಗ ಮೆಲಿಯೆಸ್ ಕತ್ತಿನಿಂದ ಕೆಳಗೆ ಕಪ್ಪು ಬಟ್ಟೆ ಹೊದ್ದು, ಚಕ್ರದ ಗಾಡಿಯಲ್ಲಿ ಕುಳಿತು ಕ್ಯಾಮೆರಾ ಕಡೆಗೆ ಬಂದರು. ಹತ್ತಿರ ಬಂದಷ್ಟೂ ತಲೆ ದೊಡ್ಡದು. ಹಿಂದೆ ಸರಿದರೆ ಗಾಳಿ ಬಿಟ್ಟ ಬಲೂನು.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ಸಣ್ಣ ಉಪಾಯ. ಸುಮ್ನೆ ಸಮತಟ್ಟಾದ ನೆಲದಲ್ಲಿ ಎಳೆದಿದ್ದರೆ, ಹತ್ತಿರ ಬಂದಂತೆ ಕತ್ತು ಚೌಕಟ್ಟಿನಲ್ಲಿ ಕೆಳಕ್ಕೆ ಜಾರಿ ಮೇಜಿನೊಳಗೆ ಹೂತುಹೋದ ಹಾಗೆ ಕಾಣುತ್ತಿತ್ತು. ಅದಕ್ಕೇ ಗಾಡಿಯನ್ನು ಇಳಿಜಾರು ಹಲಗೆಯ ಮೇಲೆ ಏರಿಸುತ್ತಾ ತಂದರು. ಮತ್ತೊಮ್ಮೆ ನೋಡಿ, ತಲೆ ಎಷ್ಟೇ ಊದಲಿ, ಕತ್ತಿನ ಬುಡ ಮೇಜು ಬಿಟ್ಟು ಕದಲುವುದಿಲ್ಲ.

ಕೊನೆಯಲ್ಲಿ ತಲೆ ಸಿಡಿಯುವುದು ಬೇರೆ ಲೆಕ್ಕ. ಅದು ಕ್ಯಾಮೆರಾ ನಿಲ್ಲಿಸಿ, ತಲೆ ಮಾಯ ಮಾಡಿ, ಹೊಗೆ ಎಬ್ಬಿಸುವ ಹಳೇ ಕೈಚಳಕ. ಪ್ಯಾರಿಸ್ಸಿನಲ್ಲಿ 1888ರಿಂದ ಸ್ವಂತ ಜಾದೂ ರಂಗಮಂದಿರ ನಡೆಸಿದವರಿಗೆ ಇದೇನು ಮಹಾ, ಅಲ್ವಾ? ಅಂದಹಾಗೆ, ತಿದಿ ಒತ್ತುವವರೂ ಮೆಲಿಯೆಸ್ಸೇ. ಅವರ ತಲೆಗೆ ಅವರೇ ಗಾಳಿ ಹೊಡೆಯುತ್ತಿದ್ದಾರೆ.